ಜರಡಿಯಕ್ಕನ ನಿಧಾನದ ಮದ್ದು

ಜರಡಿಯಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವನು ಪ್ರಯೋಗಾಲಯದಲ್ಲಿ ಅವಳ ಪಕ್ಕದ ಮೇಜಿನ ಕನ್ನಡಕದವನು. ಹೆಸರಿಡುವುದಕ್ಕೆ ಅವನಿಗೆ ಕಾರಣವೂ ಇತ್ತು, ಬಿಡುವೂ ಇತ್ತು. ಅವಳದು ತೂತಿನ ಕೆಲಸ. ಪಾಲಿಮರ್ ಎಂಬ, ಪ್ಲಾಸ್ಟಿಕ್ಕಿನ ದಾಯಾದಿಯಾದರೂ ಅದಕ್ಕಿಂತ ಮರ್ಯಾದಸ್ಥ ಪದಾರ್ಥವೊಂದನ್ನು ಕರಗಿಸಿ, ಅದರಿಂದ ಬರಿಗಣ್ಣಿಗಿರಲಿ, ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣಿಸದಷ್ಟು ಸಣ್ಣ ಉಂಡೆಗಳನ್ನು ಮಾಡುವುದು. ಆ ಉಂಡೆಗಳ ಮೈತುಂಬ ತೂತು ಬೀಳುವಂತೆ ನೋಡಿಕೊಳ್ಳುವುದು. ಆ ತೂತುಗಳ ಒಳಗೆ ಔಷಧಿಯನ್ನು ಕೂರಿಸುವುದು. ಹೀಗೆ ಕೂರಿಸಿದ ಔಷಧಿ ದೇಹದೊಳಗೆ ಹೋದ ಮೇಲೆ, ಸಿನಿಮಾ ಬಿಟ್ಟಾಗ ಬಾಗಿಲಿಗೆ ನುಗ್ಗುವ ಜನರ ಹಾಗೆ ನುಗ್ಗದೆ, ಒಬ್ಬೊಬ್ಬರಾಗಿ, ದಿನವಿಡೀ ಹೊರಗೆ ಬರಬೇಕು. ಇಷ್ಟೇ ಆಸೆ. ಈ ಇಷ್ಟೇ ಆಸೆಗೆ ಪ್ರಯೋಗಾಲಯದ ಎಲ್ಲರ ಕೂದಲೂ ನೆರೆಯುತ್ತಿತ್ತು.

"ಬೇರೆ ಕಡೆ ಜನ ರಂಧ್ರಾನ್ವೇಷಣೆಯನ್ನ ಬಿಟ್ಟಿಯಾಗಿ ಮಾಡ್ತಾರೆ. ನಮ್ಮ ಅಕ್ಕನಿಗೆ ಮಾತ್ರ ಅದಕ್ಕೆ ಸಂಬಳ" ಎನ್ನುತ್ತಿದ್ದ ಕನ್ನಡಕದವನು.

ಅವಳು ನಗುತ್ತಿದ್ದಳು. ಉತ್ತರವೂ ಅವಳ ಬಳಿ ಇರುತ್ತಿತ್ತು. ಆದರೆ ಅದು ಹೊರಬೀಳುತ್ತಿದ್ದದ್ದು ಮಾರನೆಯ ದಿನ ಚಹಾದ ಹೊತ್ತಿಗೆ, ಅವನು ತನ್ನ ಮಾತನ್ನು ತಾನೇ ಮರೆತ ಮೇಲೆ.

ಅವಳ ಸ್ವಭಾವವೇ ಅದು. ಹುಟ್ಟಿದ ಮನೆಯಲ್ಲಿ ಅಕ್ಕತಂಗಿಯರ ದಂಡೇ ಇತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ. ಅಂಥ ಮನೆಯಲ್ಲಿ ಈ ಹುಡುಗಿ ಮಾತನ್ನು ಒಳಗೇ ಇಟ್ಟುಕೊಳ್ಳುವುದನ್ನು ಕಲಿತಳು. ಒಳ್ಳೆಯ ಸುದ್ದಿಯಾದರೆ ಒಂದು ದಿನ ತಡ. ಕೆಟ್ಟ ಸುದ್ದಿಯಾದರೆ ಕಂತು. ಲೆಕ್ಕದಲ್ಲಿ ನಪಾಸಾದಾಗ ಮೊದಲು ಅವ್ವನಿಗೆ ಹೇಳಿದ್ದು "ಪರೀಕ್ಷೆ ಪೇಪರ್ ಕೊಟ್ಟರು" ಎಂದು. ಎರಡು ದಿನ ಬಿಟ್ಟು "ಮೇಷ್ಟ್ರಿಗೆ ಈ ಸಲ ಯಾಕೋ ಸಿಟ್ಟು" ಎಂದಳು. ಅವ್ವ ತಾನಾಗಿಯೇ ಊಹಿಸಿಕೊಂಡು ಕಿವಿ ಹಿಂಡುವ ಹೊತ್ತಿಗೆ ಸಿಟ್ಟು ಹಳಸಿ, ಹಿಂಡುವ ಬೆರಳಿನಲ್ಲಿ ಬಲವೇ ಇರಲಿಲ್ಲ. ಈ ಉಪಾಯ ಫಲಿಸುತ್ತದೆಂದು ಅವಳಿಗೆ ಅಂದೇ ಮನದಟ್ಟಾಯಿತು. ಚಿಕ್ಕಂದಿನಲ್ಲಿ ಫಲಿಸಿದ ಉಪಾಯ ದೊಡ್ಡವರಾದ ಮೇಲೆ ಗುಣವೆನಿಸಿಕೊಳ್ಳುತ್ತದೆ. ಅವಳನ್ನು ಎಲ್ಲರೂ ತಾಳ್ಮೆಯವಳು ಎಂದರು.

ಮದುವೆಯಾದದ್ದು ಅಂಗಡಿಗಳ ದೀಪದ ಫಲಕಗಳನ್ನು ಕೂರಿಸುವ ಒಬ್ಬ ಎಲೆಕ್ಟ್ರಿಷಿಯನ್‌ನನ್ನು. ಸ್ವಿಚ್ ಒತ್ತಿದ ಕೂಡಲೇ ಹೊತ್ತಿಕೊಳ್ಳುವ ಜಾತಿ ಅವನದು. "ಒಪ್ಪಿಗೆ ಅಂತ ಹೇಳೋಕೆ ಇವಳಿಗೆ ಪೂರ್ತಿ ಒಂದು ಮಳೆಗಾಲ ಬೇಕಾಯ್ತು. ಅಷ್ಟರಲ್ಲಿ ನಾನು ನೆನೆದು ತೊಪ್ಪೆಯಾಗಿದ್ದೆ" ಎಂದು ಅವನು ಇಂದಿಗೂ ಬಂದವರೆದುರು ಹೇಳುತ್ತಾನೆ.

ಮನೆಯಲ್ಲಿ ಮೂರನೆಯವರು ಮಾವ, ಅಂದರೆ ಗಂಡನ ತಂದೆ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಲೋಕದ ಎಲ್ಲ ಸಂಗತಿಗಳನ್ನೂ ಅವರು ಗೇರು, ಬ್ರೇಕು, ರೂಟುಗಳಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ನಿವೃತ್ತಿಯ ಕೆಲವು ವರ್ಷಗಳ ನಂತರ ಅವರಿಗೆ ಮೈ ಬಿಗಿಯುವ, ಕೈ ನಡುಗುವ ಕಾಯಿಲೆ ಹಿಡಿಯಿತು. ಅದಕ್ಕೊಂದು ಗುಳಿಗೆಯಿತ್ತು. ನುಂಗಿ ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗುತ್ತಿತ್ತು. ಎದ್ದು ಓಡಾಡುತ್ತಿದ್ದರು, ತಮ್ಮ ಬಟ್ಟೆ ತಾವೇ ಒಗೆಯುತ್ತಿದ್ದರು. ಕೆಲವೊಮ್ಮೆ ಔಷಧಿ ಹೆಚ್ಚಾಗಿ ಕತ್ತು, ಭುಜ ಕೇಳದೆಯೇ ಕುಣಿಯುತ್ತಿದ್ದವು. ಆಮೇಲೆ ಅದರ ಬಲ ಇಳಿಯುತ್ತಿತ್ತು. ಇಳಿದಾಗ ಕೂತಲ್ಲಿ ಕೂತೇ ಇರಬೇಕು. ಎದುರಿನ ಲೋಟಕ್ಕೆ ಕೈ ಚಾಚುವುದೂ ಒಂದು ಪ್ರಯಾಣ. ಗುಳಿಗೆಗೊಂದು ಒಳ್ಳೆಯ ಗಳಿಗೆ, ಗಳಿಗೆ ಮುಗಿದರೆ ಮುಂದಿನ ಗುಳಿಗೆ. ಮನೆಯವರ ಊಟ, ಸ್ನಾನ, ನೆಂಟರ ಬರವು ಎಲ್ಲವೂ ಅದಕ್ಕೇ ಹೊಂದಿಕೊಂಡಿದ್ದವು.

"ನಾನೀಗ ಬಸ್ಸಲ್ಲಮ್ಮಾ, ಬಸ್ ಸ್ಟಾಪು. ಎಲ್ಲರೂ ಮುಂದೆ ಹೋಗ್ತಾರೆ, ನಾನು ಇಲ್ಲೇ" ಎನ್ನುತ್ತಿದ್ದರು, ಬಿಗಿದ ಹೊತ್ತಿನಲ್ಲಿ, ತುಟಿ ಮಾತ್ರ ಅಲ್ಲಾಡಿಸುತ್ತ.

ಮೇಡಂ, ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ, ಉಂಡೆಗಳಲ್ಲಿ ಯಾವ ಔಷಧಿ ತುಂಬಬೇಕೆಂದು ಒಮ್ಮೆ ಎಲ್ಲರನ್ನೂ ಕೇಳಿದಾಗ ಜರಡಿಯಕ್ಕ ಎಂದೂ ಇಲ್ಲದ ಅವಸರದಲ್ಲಿ ಮಾವನ ಗುಳಿಗೆಯ ಔಷಧಿಯ ಹೆಸರು ಹೇಳಿದಳು. ಆ ಉತ್ತರ ಮಾತ್ರ ಮಾರನೆಯ ದಿನದವರೆಗೆ ಕಾಯಲಿಲ್ಲ. ಏರಿಳಿತವಿಲ್ಲದೆ, ದಿನವಿಡೀ ಒಂದೇ ಸಮನೆ ಹರಿಯುವ ಮದ್ದು. ಕೇಳಿದ ಮೇಡಮ್ಮಿಗೂ ಹಿಡಿಸಿತು.

ಮನೆಯಲ್ಲಿ ಇದನ್ನು ಗಂಡನಿಗೆ ಹೇಳಿದ್ದು ಅವಳ ತಪ್ಪೆನ್ನುವಂತಿಲ್ಲ, ಅವನು ಗಂಡ. ಆದರೆ ಅವನು ಅದನ್ನು ತನ್ನ ಕಸುಬಿಗೆ ತಕ್ಕ ಹಾಗೆ ದೊಡ್ಡಕ್ಷರದಲ್ಲಿ ದೀಪ ಹಾಕಿ ಎತ್ತರದಲ್ಲಿ ನೇತುಹಾಕಿದ. "ಅಪ್ಪಾ, ಇನ್ನು ದಿನಕ್ಕೆ ಒಂದೇ ಗುಳಿಗೆ. ನಿಮ್ಮ ಸೊಸೇನೇ ಮಾಡ್ತಿರೋದು!" ಎಂದ. ಮಾವನ ಮುಖ ಅರಳಿತು. ಅಂಥ ಕೆಲಸ ಕೈಗೂಡಿದರೂ, ಪ್ರಾಣಿಗಳ ಮೇಲೆ, ಆರೋಗ್ಯವಂತರ ಮೇಲೆ, ರೋಗಿಗಳ ಮೇಲೆ ಪರೀಕ್ಷೆಯಾಗಿ ಅಂಗಡಿಗೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಹೇಳಬೇಕೆಂದುಕೊಂಡಳು. ಮಾವ ಅಂದು ನಗುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಆ ನಾಳೆ ಬರುವ ಮೊದಲೇ ಡಾಕ್ಟರ ಭೇಟಿ ಬಂತು. ಡಾಕ್ಟರು ಮಾವನ ಕೈಯನ್ನು ಮಡಿಸಿ ಬಿಡಿಸಿ ನೋಡಿ, "ಗುಳಿಗೆಯನ್ನ ಸಣ್ಣ ಸಣ್ಣ ಪಾಲು ಮಾಡಿ, ಹೆಚ್ಚು ಸಲ ತಗೊಳ್ಳಿ. ಜೊತೆಗೆ ಇನ್ನೊಂದು ಮಾತ್ರೆ ಕೊಡ್ತೀನಿ. ವ್ಯಾಯಾಮ ಮಾಡಿಸೋರ ಹತ್ರ ಕಳಿಸ್ತೀನಿ. ಏರಿಳಿತ ಕಮ್ಮಿ ಆಗುತ್ತೆ" ಎಂದರು.

"ಬೇಡ ಡಾಕ್ಟ್ರೇ" ಎಂದರು ಮಾವ, ಟಿಕೆಟ್ ಮೊದಲೇ ತೆಗೆದುಕೊಂಡವರ ಗತ್ತಿನಲ್ಲಿ. "ಸಣ್ಣಪುಟ್ಟ ಸ್ಟಾಪಲ್ಲೆಲ್ಲ ನಿಲ್ಲಿಸೋ ಗಾಡಿ ನಂಗೆ ಬೇಡ. ನಮ್ಮ ಸೊಸೆ ನಾನ್‌ಸ್ಟಾಪ್ ಮಾಡ್ತಿದ್ದಾಳೆ. ಅದಕ್ಕೇ ಕಾಯ್ತೀನಿ."

ಡಾಕ್ಟರು ಹುಬ್ಬೇರಿಸಿ ಅವಳ ಕಡೆ ನೋಡಿದರು. ಅವಳು ತನ್ನ ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. ಮಾವ ಸಣ್ಣ ಪಾಲಿನ ಗುಳಿಗೆಯನ್ನೂ ಬೇಡವೆಂದರು, ವ್ಯಾಯಾಮವನ್ನೂ ಬೇಡವೆಂದರು, ಮುಂದಿನ ಸಲದ ತಪಾಸಣೆಗೆ ಹೋಗಲೇ ಇಲ್ಲ.

ಇತ್ತ ಪ್ರಯೋಗಾಲಯದಲ್ಲಿ ಕೆಲಸ ನಿಜಕ್ಕೂ ಚೆನ್ನಾಗಿ ಸಾಗುತ್ತಿತ್ತು. ಪರೀಕ್ಷೆಯ ವಿಧಾನ ಹೀಗೆ: ಔಷಧಿ ತುಂಬಿದ ಉಂಡೆಗಳನ್ನು ನೀರಿನಲ್ಲಿ ಕದಡಿ, ತೆಳ್ಳನೆಯ ಪಾರದರ್ಶಕ ಪೊರೆಯ ಚೀಲವೊಂದಕ್ಕೆ ಹಾಕಿ, ಎರಡೂ ತುದಿಗೆ ಕ್ಲಿಪ್ ಬಿಗಿಯುತ್ತಾರೆ. ಚೀಲವನ್ನು ಮೈಬಿಸಿಯಷ್ಟೇ ಬೆಚ್ಚಗಿನ ನೀರಿನ ಬೀಕರಿನಲ್ಲಿ ತೇಲಿಬಿಡುತ್ತಾರೆ. ಪೊರೆಗೂ ತೂತುಗಳಿವೆ, ಉಂಡೆ ದಾಟಲಾರದು, ಔಷಧಿ ದಾಟಬಲ್ಲದು. ಆಗಾಗ ಹೊರಗಿನ ನೀರನ್ನು ಒಂದಿಷ್ಟು ತೆಗೆದು, ಅದರಲ್ಲಿ ಎಷ್ಟು ಔಷಧಿ ಸೇರಿದೆಯೆಂದು ಅಳೆದು ಗ್ರಾಫ್ ಬರೆಯುತ್ತಾರೆ.

ಮೊದಲಿಗೆ ಬಳಸುತ್ತಿದ್ದ ಚೀಲದಲ್ಲಿ ಒಂದು ತೊಂದರೆಯಿತ್ತು. ಸಣ್ಣ ಉಂಡೆಗಳು ಪೊರೆಯಿಂದ ನುಸುಳಿ ಹೊರಗಿನ ನೀರನ್ನು ಹಾಲು ಚೆಲ್ಲಿದಂತೆ ಮಬ್ಬು ಮಾಡುತ್ತಿದ್ದವು. ಜರಡಿಯಕ್ಕನೇ ಹುಡುಕಿ, ಇನ್ನೂ ಸಣ್ಣ ತೂತಿನ ಬಿಗಿ ಚೀಲ ತರಿಸಿದಳು. ನೀರು ತಿಳಿಯಾಯಿತು. ಗ್ರಾಫೂ ತಿದ್ದಿ ತೀಡಿದಂತಾಯಿತು: ನಿಧಾನವಾಗಿ, ಒಂದೇ ಸಮನೆ ಏರುವ ಗೆರೆ, ಬೆಳಗಿನಿಂದ ಸಂಜೆಯಾಚೆಗೂ. ಉಂಡೆಯಿಲ್ಲದ ಬರಿಯ ಔಷಧಿಯ ಗ್ರಾಫು, ಹೋಲಿಕೆಗೆಂದು ಹಿಂದೊಮ್ಮೆ ಮಾಡಿಟ್ಟದ್ದು ಇತ್ತು. ಅದರಲ್ಲಿ ಔಷಧಿ ಸರಸರನೆ ಹೊರಬಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊಲ ಮತ್ತು ಆಮೆ. ಒಮ್ಮೆ ಮಾಡಿದ್ದನ್ನು ಮತ್ತೆ ಯಾಕೆ ಮಾಡಬೇಕು ಎಂದು ಯಾರೂ ಅದನ್ನು ಮುಟ್ಟಲಿಲ್ಲ. ಮೇಡಂ ಆ ಚಿತ್ರವನ್ನು ಹಿಡಿದುಕೊಂಡು ಸಭೆಯಿಂದ ಸಭೆಗೆ ಹೋದರು. ಕನ್ನಡಕದವನು ಆ ಗೆರೆಗೆ "ಅಕ್ಕನ ಮಾತು" ಎಂದು ಹೆಸರಿಟ್ಟ, ಅಷ್ಟು ನಿಧಾನ ಎಂದು.

ಈ ಕೆಲಸದ ಸಂಶೋಧನಾ ಪ್ರಬಂಧವನ್ನು ಅಚ್ಚಿಗೆ ಕಳಿಸುವ ಮೊದಲು ಜರಡಿಯಕ್ಕನಿಗೆ ಹಳೆಯ ಗ್ರಾಫು ಕಣ್ಣಿಗೆ ಚುಚ್ಚಿತು. ಹೊಸದರಲ್ಲಿ ಚುಕ್ಕೆಗಳು ಒತ್ತೊತ್ತಾಗಿದ್ದವು. ಹಳೆಯದರಲ್ಲಿ ಅಲ್ಲೊಂದು ಇಲ್ಲೊಂದು. ಪಕ್ಕಪಕ್ಕ ಇಟ್ಟರೆ ಅಂದವಿಲ್ಲ. ಅಂದಕ್ಕಾಗಿಯೇ, ಬೇರೆ ಯಾವ ಅನುಮಾನವೂ ಇಲ್ಲದೆ, ಬರಿಯ ಔಷಧಿಯನ್ನು ಬಿಗಿ ಚೀಲಕ್ಕೆ ಹಾಕಿ ಮತ್ತೊಮ್ಮೆ ಪರೀಕ್ಷೆಗಿಟ್ಟಳು.

ಸಂಜೆಯ ಹೊತ್ತಿಗೆ ಗೆರೆ ಬಂತು. ಮೊಲ ಓಡಿರಲಿಲ್ಲ. ಆಮೆಯ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟುಕೊಂಡು ಬಂದಿತ್ತು. ಉಂಡೆಯೇ ಇಲ್ಲದಿದ್ದರೂ ಔಷಧಿ ಅಷ್ಟೇ ನಿಧಾನವಾಗಿ ಹೊರಬಂದಿತ್ತು. ಅಂದರೆ ಇಷ್ಟು ದಿನ ಔಷಧಿಯನ್ನು ತಡೆದು ನಿಲ್ಲಿಸಿದ್ದು ಅವಳ ಉಂಡೆಯಲ್ಲ, ಅವಳೇ ಆರಿಸಿ ತಂದ ಬಿಗಿ ಚೀಲ. ಮಾವನ ಹೊಟ್ಟೆಯಲ್ಲಿ ಅಂಥ ಚೀಲವೇನೂ ಇಲ್ಲ.

ಮತ್ತೊಮ್ಮೆ ಮಾಡಿದಳು. ಮತ್ತೆ ಅದೇ.

ಯಾರಿಗೂ ಹೇಳಲಿಲ್ಲ. ಸುಳ್ಳು ಹೇಳಬೇಕೆಂದಲ್ಲ, ಹೇಳುವುದಕ್ಕೆ ಒಂದು ಒಳ್ಳೆಯ ಹೊತ್ತು ಬೇಕೆಂದು. ಮೇಡಂ ಬೇರೆ ಊರಿನ ಸಭೆಗೆ ಹೊರಟಿದ್ದರು, ಬರಲಿ. ಕನ್ನಡಕದವನ ಮಗುವಿಗೆ ಜ್ವರ, ವಾಸಿಯಾಗಲಿ. ಮನೆಗೆ ಬಂದರೆ ಮಾವ ಕೇಳುತ್ತಿದ್ದರು:

"ಎಲ್ಲೀವರೆಗೆ ಬಂತಮ್ಮಾ ನಮ್ಮ ಗಾಡಿ?"

"ಬರ್ತಾ ಇದೆ ಮಾವ."

ಹೇಳದೆ ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ, ಗುಳಿಗೆಯ ಬಲ ಇಳಿದ ಹೊತ್ತಿನಲ್ಲಿ, ಮಾವ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಲು ಎದ್ದರು. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಿತು, ಮೈ ಮುಂದೆ ಹೋಯಿತು. ಬಿದ್ದರು. ಎಲುಬು ಮುರಿಯಲಿಲ್ಲ, ಹಣೆ ಒಡೆದು ಹೊಲಿಗೆ ಬಿತ್ತು. ಜರಡಿಯಕ್ಕ ಓಡಿಬಂದಾಗ ಗಂಡ ಅವರ ತಲೆಯ ಬಳಿ ಕೂತು ಬೈಯುತ್ತಿದ್ದ.

"ಆ ಡಾಕ್ಟ್ರು ಹೇಳಿದ ಹಾಗೆ ಕೇಳಿದ್ರೆ ಏನು ಕಳ್ಕೋತಿದ್ರಿ ಅಪ್ಪಾ? ನಾಳೇನೇ ಹೋಗೋಣ."

"ಬೇಡ್ವೋ" ಎಂದರು ಮಾವ, ಪಟ್ಟಿ ಕಟ್ಟಿದ ಹಣೆಯಡಿಯಿಂದ. "ಇನ್ನೇನು, ಇವಳದು ಬಂದೇ ಬಿಡ್ತಲ್ಲ. ಇಷ್ಟು ಕಾದೋರು ಇನ್ನೊಂದಿಷ್ಟು ಕಾಯೋಣ." ಹೇಳಿ ಅವಳ ಕಡೆ ನೋಡಿ ನಕ್ಕರು.

ಕಂತಿನಲ್ಲಿ ಕೊಟ್ಟರೆ ಕೆಟ್ಟ ಸುದ್ದಿ ನೋಯಿಸುವುದಿಲ್ಲ ಎಂದು ನಂಬಿ ಅರ್ಧ ಆಯಸ್ಸು ಕಳೆದಿದ್ದಳು. ನೋಯುವುದು ತನಗಲ್ಲವಾದ್ದರಿಂದ ಹಾಗೆ ಅನ್ನಿಸುತ್ತಿತ್ತೋ ಏನೋ.

ಮರುದಿನ ಬೆಳಿಗ್ಗೆ ಮೇಡಂ ತಮ್ಮ ಕೋಣೆಯ ಬೀಗ ತೆಗೆಯುತ್ತಿದ್ದಂತೆಯೇ ಹಿಂದೆ ನಿಂತಿದ್ದಳು.

"ಮೇಡಂ, ಬರೀ ಔಷಧಿನೂ ಹಾಗೇ ಬಂತು."

"ಹಾಗೇ ಅಂದ್ರೆ?"

"ನಿಧಾನವಾಗಿ. ಉಂಡೆ ಇಲ್ಲದೇನೇ."

ಮೇಡಂ ಬೀಗವನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋಗಿ ಕೂತರು. "ಈಗ ಮಾಡಿದ್ದು ಯಾವ ಚೀಲದಲ್ಲಿ?"

"ಹೊಸದರಲ್ಲಿ."

"ಹಳೇ ಗ್ರಾಫು?"

"ಹಳೇ ಚೀಲದ್ದು. ಚೀಲ ಬದಲಾಯಿಸಿದವಳು ನಾನು. ಹೋಲಿಕೇದನ್ನ ಮತ್ತೆ ಮಾಡಲಿಲ್ಲ."

"ಅಂದ್ರೆ ನಾನು ಊರೂರು ತಿರುಗಿ ಭಾಷಣ ಬಿಗಿದಿದ್ದು ಚೀಲದ ಮೇಲೆ." ಅವರು ನಗಲು ನೋಡಿದರು, ಆಗಲಿಲ್ಲ. "ನಿನ್ನೆ ಗೊತ್ತಾಯ್ತಾ?"

"ಇಲ್ಲ ಮೇಡಂ. ಹೋದ ವಾರ. ನೀವು ಊರಿಗೆ ಹೋಗೋ ಮುಂಚೆ."

ಆಗ ಮೇಡಮ್ಮಿನ ಮುಖ ಕೆಂಪಾಯಿತು. "ಆ ಊರಲ್ಲೂ ಅದೇ ಚಿತ್ರ ತೋರಿಸಿ ಬಂದೆನಲ್ಲೇ! ಉಂಡೆ ಸೋತಿದ್ದಕ್ಕೆ ನಿನ್ನ ಬೈಯಲ್ಲ, ಅದು ನಮ್ಮೆಲ್ಲರ ತಲೆಗೂ ಹೊಳೀಬೇಕಿತ್ತು. ಆದ್ರೆ ಒಂದು ವಾರ ಬಾಯಿ ಹೊಲ್ಕೊಂಡು ಕೂತಿದ್ದೀಯಲ್ಲ, ಅದಕ್ಕೆ ಏನನ್ನಲಿ?"

ಪ್ರಬಂಧ ಕಳಿಸುವುದನ್ನು ನಿಲ್ಲಿಸಿದರು. ತಾವು ಮಾತಾಡಿದ ಸಭೆಗಳವರಿಗೆಲ್ಲ ತಪ್ಪಾಗಿದೆಯೆಂದು ತಿಳಿಸಲು ಕೂತರು. ಅವಳಿಗೆ ಹೇಳಿದ್ದು ಇಷ್ಟೇ: ಚೀಲ ಬಿಟ್ಟು ಮಾಡು. ಉಂಡೆಗಳನ್ನು ನೇರವಾಗಿ ನೀರಿಗೆ ಬಿಡು. ಆಗಾಗ ಒಂದಿಷ್ಟು ತೆಗೆದು ಯಂತ್ರದಲ್ಲಿ ಜೋರಾಗಿ ತಿರುಗಿಸಿ ಉಂಡೆ ತಳಕ್ಕೆ ಕೂರಿಸು. ಮೇಲಿನ ತಿಳಿ ಅಳೆ.

ಸಂಜೆ ಮನೆಗೆ ಬಂದಳು. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಗಂಡ ಕೆಟ್ಟ ಟ್ರಾನ್ಸ್‌ಫಾರ್ಮರ್ ಒಂದನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ.

"ಮಾವ, ಇವತ್ತು ಮೇಡಂ ಹತ್ರ ಮಾತಾಡ್ದೆ" ಎಂದಳು.

"ಹೂಂ."

"ಈ ಪರೀಕ್ಷೆಗೆ ಒಂದು ಚೀಲ ಅಂತ ಬಳಸ್ತೀವಿ. ಅದಕ್ಕೆ ಸಣ್ಣ ತೂತು..."

"ಸುತ್ತು ದಾರಿ ಬೇಡಮ್ಮಾ. ನೇರ ರೂಟಲ್ಲಿ ಬಾ."

ಅವಳು ನೆಲ ನೋಡಿದಳು, ಆಮೇಲೆ ಅವರ ಹಣೆಯ ಹೊಲಿಗೆ ನೋಡಿದಳು. "ನನ್ನ ಉಂಡೆ ಕೆಲಸ ಮಾಡ್ತಿಲ್ಲ ಮಾವ. ಮಾಡ್ತಿದೆ ಅಂತ ನಾವು ಅಂದ್ಕೊಂಡಿದ್ದು ತಪ್ಪು."

ಗಂಡನ ಸ್ಕ್ರೂಡ್ರೈವರ್ ನಿಂತಿತು.

"ರಿಪೇರಿ ಆಗುತ್ತಾ?" ಎಂದರು ಮಾವ.

"ಆಗಬಹುದು. ಆಗದೇನೂ ಇರಬಹುದು. ಆದ್ರೂ ಗುಳಿಗೆಯಾಗಿ ನಿಮ್ಮ ಕೈಗೆ ಬರೋಕೆ ವರ್ಷಗಟ್ಟಲೆ ಬೇಕು. ಕೆಲಸ ಮಾಡಿದ್ರೂ ಅಷ್ಟೇ ಬೇಕಿತ್ತು. ಅದು ನಂಗೆ ಮೊದಲಿಂದಾನೂ ಗೊತ್ತಿತ್ತು."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ನಾನು ಡಾಕ್ಟ್ರ ಮುಂದೆ ಜಂಬ ಕೊಚ್ಚಿದಾಗ ನೀನು ಪಕ್ಕದಲ್ಲೇ ಕೂತಿದ್ದೆ."

"ಹೂಂ ಮಾವ."

"ಆಗಲೂ ಗೊತ್ತಿತ್ತು."

"ಗೊತ್ತಿತ್ತು."

"ಅಪ್ಪಾ, ಹೋಗಲಿ ಬಿಡಿ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದ ಗಂಡ.

"ಹೊಟ್ಟೆಗೆ ಹಾಕ್ಕೊಳ್ಳೋದಕ್ಕೆ ಅವಳು ಗುಳಿಗೆ ಎಲ್ಲಿ ಕೊಟ್ಟಳೋ! ನೀನು ಬಾಯಿ ಮುಚ್ಚು. ಊರಿಗೆಲ್ಲ ಡಂಗುರ ಹೊಡೆದೋನು ನೀನೇ." ಅವರು ಸೊಸೆಯ ಕಡೆ ತಿರುಗಿದರು. "ನೋಡಮ್ಮಾ, ನನ್ನ ಬಸ್ಸು ಎಷ್ಟೋ ಸಲ ಕೆಟ್ಟಿದೆ. ಕೆಟ್ಟಿದ್ದಕ್ಕೆ ಯಾರೂ ನನ್ನ ಬೈದಿಲ್ಲ. ಈಗ ಹೊರಡುತ್ತೆ, ಈಗ ಹೊರಡುತ್ತೆ ಅಂತ ಜನಾನ ಬಿಸಿಲಲ್ಲಿ ಕೂರಿಸಿಕೊಂಡೆ ನೋಡು, ಅವತ್ತು ಬೈದರು. ಬೈದಿದ್ದು ಸರಿ ಅವರು. ಮೊದಲೇ ಹೇಳಿದ್ರೆ ನಡ್ಕೊಂಡಾದ್ರೂ ಹೋಗ್ತಿದ್ರು."

ಆಮೇಲೆ ಅವರು ಅವಳೊಡನೆ ಮಾತು ಬಿಟ್ಟರು. ಕೂಗಾಡಲಿಲ್ಲ; ಎಲ್ಲವನ್ನೂ ಮಗನ ಮೂಲಕ ಹೇಳಿಸಿದರು. "ನೀರು ಬೇಕಂತೆ ಅಂತ ಅವಳಿಗೆ ಹೇಳು." ಅವಳು ಅಲ್ಲೇ, ಕೈಗೆಟಕುವಷ್ಟು ಹತ್ತಿರ ನಿಂತಿರುತ್ತಿದ್ದಳು. ಮಗ ಇಬ್ಬರ ನಡುವೆ ನಿಂತು, "ಯಾರಿಗೆ ಬೇಕಂತೆ ಅಂತ ಕೇಳಲಾ?" ಎನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಜರಡಿಯಕ್ಕ ನೀರು ಕೊಡುತ್ತಿದ್ದಳು, ಸಮಜಾಯಿಷಿ ಕೊಡುತ್ತಿರಲಿಲ್ಲ. ಕೊಡುವಂಥ ಸಮಜಾಯಿಷಿ ಅವಳಲ್ಲಿ ಇರಲೂ ಇಲ್ಲ.

ಹಣೆಯ ಹೊಲಿಗೆ ಬಿಚ್ಚಿಸಿದ ಮೇಲೆ, ಒಂದು ಬೆಳಿಗ್ಗೆ, ಮೈ ಸಡಿಲವಿದ್ದ ಹೊತ್ತಿನಲ್ಲಿ ಅವರಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

"ಡಾಕ್ಟ್ರ ಹತ್ರ ಹೋಗೋಣ. ಅವನು ಬೇಡ, ನೀನು ಬಾ. ನಾನು ಜಂಬ ಕೊಚ್ಚಿದ ಕೋಣೆಯಲ್ಲೇ ನೀನು ಹೇಳಬೇಕು."

ಹೇಳಿದಳು. ಡಾಕ್ಟರ ಮೇಜಿನೆದುರು ನಿಂತು, ಚೀಲ, ಉಂಡೆ, ತನ್ನ ಮೌನ, ಮೂರನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಡಾಕ್ಟರು ಬೈಯಲಿಲ್ಲ, ಮಾವನ ಕಡೆ ತಿರುಗಿ, "ಹಾಗಾದ್ರೆ ನಮ್ಮ ಸ್ಟಾಪ್ ಸ್ಟಾಪಿಗೆ ನಿಲ್ಲೋ ಗಾಡಿ ಹತ್ತುತ್ತೀರಾ?" ಎಂದರು.

"ಹತ್ತದೆ ಏನು ಮಾಡಲಿ, ಎಕ್ಸ್‌ಪ್ರೆಸ್ಸು ಕ್ಯಾನ್ಸಲ್" ಎಂದರು ಮಾವ.

ಸಣ್ಣ ಪಾಲಿನ ಗುಳಿಗೆ ಪವಾಡವನ್ನೇನೂ ಮಾಡಲಿಲ್ಲ. ಬಿಗಿಯುವ ಹೊತ್ತುಗಳು ಇಲ್ಲದಾಗಲಿಲ್ಲ, ಮೊಟಕಾದವು. ಕತ್ತಿನ ಕುಣಿತ ಇಳಿಯಿತು. ವ್ಯಾಯಾಮ ಹೇಳಿಕೊಡುವ ಹೆಂಗಸು ಜೋರಿನವಳು. ಹೊಸ್ತಿಲು ಬಂದಾಗ ಮನಸ್ಸಿನಲ್ಲಿ ತಾಳ ಹಾಕಿಕೊಂಡು ಹೆಜ್ಜೆ ಎತ್ತಬೇಕೆಂದು ಕಲಿಸಿದಳು. ಸಂಜೆಗೊಮ್ಮೆ ಬೀದಿಯ ಕೊನೆಯವರೆಗೆ ನಡೆದುಬರಬೇಕೆಂದು ಕಟ್ಟಪ್ಪಣೆ ಮಾಡಿದಳು. ಮಾವ ಅವಳನ್ನು ಬೈಯುತ್ತ ನಡೆದುಬರುತ್ತಿದ್ದರು. ಸೊಸೆಯೊಡನೆ ಮಾತೂ ಅಷ್ಟಿಷ್ಟು ಬಂತು, ಮೊದಲಿನಷ್ಟಲ್ಲ.

ಚೀಲವಿಲ್ಲದ ಪರೀಕ್ಷೆ ಮುಗಿದದ್ದು ಆ ದಿನಗಳಲ್ಲೇ. ಜರಡಿಯಕ್ಕ ತಿಳಿಯನ್ನು ಅಳೆದಳು. ಔಷಧಿಯ ಬಹುಪಾಲು ಉಂಡೆಯ ಮೇಲ್ಮೈಯಲ್ಲೇ ಕೂತಿದ್ದು, ನೀರಿಗೆ ಬಿದ್ದ ಕೂಡಲೇ ದಡಬಡ ಹೊರಬಂದಿತ್ತು. ಸ್ವಲ್ಪ ಮಾತ್ರ ಒಳತೂತುಗಳಲ್ಲಿ ಉಳಿದಿತ್ತು. "ಇದು ಮದ್ದಲ್ಲ ಅಕ್ಕಾ, ಸಿಡಿಮದ್ದು" ಎಂದ ಕನ್ನಡಕದವನು. "ನಿನ್ನ ತಮಾಷೆನೂ ಹಾಗೇ, ಮೇಲ್ಮೈಯಲ್ಲೇ ಇರುತ್ತೆ" ಎಂದಳು ಅವಳು, ಆಗಲೇ, ಅಲ್ಲೇ. ಅವನು ಕನ್ನಡಕ ತೆಗೆದು ಅವಳನ್ನು ನೋಡಿದ.

ಬಂದದ್ದನ್ನು ಬಂದ ಹಾಗೆ ಮೇಡಮ್ಮಿಗೆ ತೋರಿಸಿ ಮನೆಗೆ ಹೊರಟಳು. ಮಾವ ಹೊರಬಾಗಿಲ ಬಳಿ ಬೆಂಚಿನ ಮೇಲೆ ಬೂಟು ಹಾಕಿಕೊಂಡು ಕೂತಿದ್ದರು. ಅವಳು ಇನ್ನೂ ಗೇಟು ಮುಚ್ಚಿರಲಿಲ್ಲ.

"ಮಾವ, ಇವತ್ತು ಚೀಲ ಇಲ್ಲದೆ ನೋಡಿದ್ದು ಮುಗೀತು. ಚೆನ್ನಾಗಿ ಬಂದಿಲ್ಲ. ಹೆಚ್ಚುಕಮ್ಮಿ ಎಲ್ಲಾ ಒಂದೇ ಸಲ ಹೊರಗೆ ಬಂದುಬಿಡ್ತು."

ಮಾವ ಅವಳನ್ನು ದಿಟ್ಟಿಸಿ ನೋಡಿದರು. "ಇವತ್ತೇ ಗೊತ್ತಾಗಿದ್ದಾ?"

"ಇವತ್ತೇ. ಮಧ್ಯಾಹ್ನ."

"ಹೂಂ. ಮತ್ತೆ ಈಗ?"

"ತೂತು ಇನ್ನೂ ಸಣ್ಣದು ಮಾಡಿ, ಔಷಧಿ ಒಳಗೇ ಕೂರೋ ಹಾಗೆ ಮಾಡಿ ನೋಡಬೇಕು. ಮೇಲಿರೋದನ್ನ ಮೊದಲೇ ತೊಳೆದುಬಿಡಬೇಕು. ಬರುತ್ತೋ ಇಲ್ವೋ ಗೊತ್ತಿಲ್ಲ."

"ಮಾಡು. ನಾನಂತೂ ಕಾಯ್ತಾ ಕೂರಲ್ಲ" ಎಂದು ಮಾವ ಬೆಂಚಿನ ಅಂಚು ಹಿಡಿದು ಎದ್ದರು. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕಾಲು ಒಂದು ಕ್ಷಣ ತಡೆಯಿತು. ತುಟಿಯಲ್ಲೇ ತಾಳ ಹಾಕಿದರು, ಕಾಲು ಎದ್ದಿತು.

ಅವಳು ಊಟದ ಡಬ್ಬಿಯ ಚೀಲವನ್ನು ಬೆಂಚಿನ ಮೇಲಿಟ್ಟು, ಚಪ್ಪಲಿ ಬಿಡದೆ ಅವರ ಜೊತೆ ನಡೆದಳು. ಬೀದಿಯ ಕೊನೆ ಮುಟ್ಟುವವರೆಗೂ ಮಾವ ವ್ಯಾಯಾಮದವಳನ್ನು ಬೈದರು. ಹಿಂದಿರುಗುವಾಗ, ಒಳತೂತಿನಲ್ಲಿ ಔಷಧಿ ಕೂರಿಸುವುದು ಹೇಗೆಂದು ಕೇಳಿದರು.